ಸೊಂಟದಿಂದ ಮೇಲೆ

ಅವರ ಅಳತೆ ನಾನು ಟೇಪು ಹಿಡಿದು ತೆಗೆದದ್ದಲ್ಲ.
ಮನಾಮದ ಗುದೈಬಿಯಾ ಗಲ್ಲಿಯಲ್ಲಿ ಕರ್ಕೇರ ಟೈಲರ್ಸ್,
ಒಂದು ಮಿಷನ್, ಒಂದು ಇಸ್ತ್ರಿ, ಮೂಲೆಯಲ್ಲಿ
ಹದಿನಾಲ್ಕು ಇಂಚಿನ ಟೀವಿ.
ಸ್ಟೇಷನ್ನಿನ ಡ್ರೈವರ್ ಬಟ್ಟೆ ತಂದಿಟ್ಟು ಹೇಳಿದ:
‘ಸಬೀಕಾ ಬಿಂತ್ ಜಾಸಿಮ್. ರಾತ್ರಿ ಎಂಟಕ್ಕೆ ನೋಡು,
ನೋಡಿ ಕತ್ತರಿಸು.
ಹೆಂಗಸನ್ನು ಇಲ್ಲಿಗೆ ಕರೆತರುವ ಹಾಗಿಲ್ಲ.’

ನೋಡಿದೆ. ಗಾಜಿಗೆ ಸ್ಕೇಲು ಹಚ್ಚಿ
ಭುಜದಿಂದ ಭುಜಕ್ಕೆ ಎಷ್ಟು, ಮೈಕಿನಿಂದ ಕೊರಳಿಗೆ ಎಷ್ಟು,
ಮೈಕು ಇಷ್ಟುದ್ದ ಇದ್ದೀತೆಂದು ಅಂದಾಜು,
ಗುಣಿಸಿ, ಭಾಗಿಸಿ.
ಪಕ್ಕದ ಹೋಟೆಲಿನ ಅಬೂಬಕ್ಕರ್ ಬ್ಯಾರಿ ಚಾ ಹಿಡಿದು ನಿಂತು ನಕ್ಕ.
ಅಲ್ಲಿಯತನಕ ಆ ಪರದೆಯಲ್ಲಿ ಸುದ್ದಿಗೆ ಮೀಸೆ ಇತ್ತು.

ಅರಬ್ಬಿ ನನಗೆ ಆಗ ವ್ಯಾಪಾರಕ್ಕಷ್ಟೆ:
ಮೀಟರು, ದಿನಾರು, ನಾಳೆ, ಇನ್ಶಾಲ್ಲಾ.
ಆದರೂ ಆ ದನಿ ಎಲ್ಲಿಯದೆಂದು ಗೊತ್ತಾಯಿತು.
ವಾಕ್ಯದ ಕೊನೆಯ ಶಬ್ದವನ್ನು ಎತ್ತಿ,
ಗಾಳಿಯಲ್ಲಿ ಒಂದು ಗಳಿಗೆ ತೂಗಿ, ಇಳಿಸುವ ಬಗೆ.
ಮಲ್ಪೆಯಲ್ಲಿ ನನ್ನ ಅಪ್ಪೆ
ಅಂಜಲಿನ ಕಿವಿರು ಬಿಡಿಸಿ ತೋರಿಸುತ್ತ ಹೀಗೇ ಕೂಗುತ್ತಿದ್ದಳು.
ಡ್ರೈವರನ್ನು ಕೇಳಿದೆ. ಹೌದು, ಮುಹರ್ರಕ್‌ನಲ್ಲಿ
ಮೀನು ಹರಾಜು ಕೂಗುವ ಜಾಸಿಮನ ಮಗಳು, ಅಂದ.
ಮಗಳು ಟೀವಿಯಲ್ಲಿ ಮೋರೆ ತೋರಿಸಿದ ಮೇಲೆ
ಅವನ ಹರಾಜಿಗೆ ಒಂದು ತಿಂಗಳು ಯಾರೂ ಬರಲಿಲ್ಲವಂತೆ.
ಹಮೂರು ಕೊಳೆಯಿತು.
ಆಮೇಲೆ ಬಂದರು. ಹಸಿವಾಗುತ್ತದಲ್ಲ.

ಬೂದಿ, ನೀಲಿ, ಹುಣಸೆಹಣ್ಣಿನ ಕಂದು.
ಬಿಳಿ ಬೇಡ, ಕ್ಯಾಮರಾದ ಕಣ್ಣು ಕುಕ್ಕುತ್ತದಂತೆ.
ವರ್ಷಕ್ಕೆ ಆರು ಕೋಟು. ಲಂಗ ಗಿಂಗ ಏನಿಲ್ಲ,
ಮೇಜಿನ ಕೆಳಗೆ ಏನಿದೆಯೆಂದು ಯಾರಿಗೆ ಬೇಕು?

ಒಂದು ಸಲ ಚೀಟಿ ಬಂತು, ಡ್ರೈವರ್ ಕಣ್ಣು ತಪ್ಪಿಸಿ ಕೊಟ್ಟ:
ಎದೆಯ ಕಡೆಗೆ ಎರಡು ಪದರ ಹೆಚ್ಚು ಲೈನಿಂಗ್, ದಪ್ಪ ಹತ್ತಿ.
ಕಾರಣ ಬರೆದಿರಲಿಲ್ಲ.
ಉಚ್ಚಿಲದಲ್ಲಿ ನನ್ನ ಹೆಂಡತಿ ಹೆತ್ತು ನಲವತ್ತು ದಿನ,
ಅದರ ಕಾಗದ ಇಸ್ತ್ರಿಯ ಪಕ್ಕದಲ್ಲೇ ಇತ್ತು.
ಎಂಟರ ಹೊತ್ತಿಗೆ ಸರಿಯಾಗಿ ಮುಹರ್ರಕ್‌ನ ಮನೆಯಲ್ಲಿ ಕೂಸು ಅಳುತ್ತದೆ,
ಇಲ್ಲಿ ತೈಲದ ಬೆಲೆ ಓದುತ್ತಿರುವಾಗ
ಹಾಲಿಳಿಯುತ್ತದೆ.
ಮೂರು ಪದರ ಇಟ್ಟೆ. ಎರಡಕ್ಕೇ ದುಡ್ಡು ತೆಗೆದುಕೊಂಡೆ.

ಆ ಆಗಸ್ಟಿನಲ್ಲಿ, ನೆರೆಯ ದೇಶಕ್ಕೆ ಟ್ಯಾಂಕುಗಳು ನುಗ್ಗಿದ ವಾರ,
ಗಲ್ಲಿಯೆಲ್ಲ ನನ್ನ ಅಂಗಡಿಯಲ್ಲಿ: ಮಲಬಾರಿ, ಬಂಗಾಳಿ, ಬ್ಯಾರಿ.
ಪೆಟ್ಟಿಗೆಗೆ ಹಗ್ಗ ಬಿಗಿದಾಗಿತ್ತು.
ಅವರು ಓದಿದರು. ಎಲ್ಲರೂ ಶಬ್ದ ಕೇಳಿದರು,
ನಾನು ಎಡಭುಜದ ಹೊಲಿಗೆ ನೋಡುತ್ತಿದ್ದೆ.
ಕೊನೆಯತನಕ ಅದು ಅಲುಗಲಿಲ್ಲ.
‘ಹಗ್ಗ ಬಿಚ್ಚಿ ಮಾರಾಯ್ರೇ’ ಎಂದೆ.
ಕೆಲವರು ಬಿಚ್ಚಿದರು.

ಮತ್ತೆ ಎಂಟರಿಂದ ಹನ್ನೊಂದಕ್ಕೆ, ಹನ್ನೊಂದರಿಂದ ಬೆಳಗಿನ ಐದಕ್ಕೆ.
ಹೊಸ ಹುಡುಗಿಯರು, ದುಬೈಯ ರೆಡಿಮೇಡ್ ಕೋಟುಗಳು.
ಒಂದು ಶುಕ್ರವಾರ ಪರದೆಯಲ್ಲಿ ಆ ಭುಜಗಳಿಲ್ಲ.
ಅದು ವಾರ್ತೆಯಲ್ಲಿ ಬರಲಿಲ್ಲ.

ಈ ಚಳಿಗಾಲ ಬಾಗಿಲು ತಳ್ಳಿಕೊಂಡು ಒಬ್ಬ ಗಿಡ್ಡ ಹೆಂಗಸು ಬಂದರು,
ತೋಳ ಮೇಲೆ ಹುಣಸೆ ಬಣ್ಣದ ಕೋಟು.
ಭುಜ ಗೊತ್ತಿತ್ತು. ಎತ್ತರ ಇಷ್ಟೇ ಎಂದು ಗೊತ್ತಿರಲಿಲ್ಲ.
‘ಎರಡು ಟೆಲಿಫೋನ್ ಡೈರೆಕ್ಟರಿಯ ಮೇಲೆ ಕೂರುತ್ತಿದ್ದೆ’ ಎಂದರು.
ಇದಕ್ಕೆ ಹೊಂದುವ ಲಂಗ ಬೇಕು, ಪಾದದವರೆಗೆ.
ಆ ಮೂರು ಪದರದ ಕೂಸಿಗೆ ಮದುವೆಯಂತೆ.

ಟೇಪು ಕೊಟ್ಟೆ. ಅವರೇ ಅಳೆದುಕೊಂಡು ಅಂಕಿ ಓದಿದರು,
ಥೇಟು ವಾರ್ತೆಯ ಹಾಗೆ. ನಾನು ಬರೆದುಕೊಂಡೆ.
ಎಂಟು ದಿನಾರು ಎಂದೆ.
ಕೋಟನ್ನು ಬೆಳಕಿಗೆ ಹಿಡಿದು, ಒಳಗಿನ ಪದರವನ್ನು
ಕಿವಿರು ಬಿಡಿಸುವಂತೆ ಬಿಡಿಸಿ ನೋಡಿ,
‘ಐದು’ ಎಂದರು.
ಆ ಐದನ್ನು ಎತ್ತಿ, ಗಾಳಿಯಲ್ಲಿ ತೂಗಿ,
ಇಳಿಸದೆ ಹಾಗೇ ನಿಂತರು.

ಐದೂವರೆಗೆ ಕೊಟ್ಟೆ.